ಕಡಬದ ಹೊಲದಲ್ಲಿ ನಾಲ್ಕು ಮೊಟ್ಟೆ

ಯಾರಾದರೂ ನನ್ನನ್ನು ಪಕ್ಷಿಪ್ರೇಮಿ ಎಂದು ಪರಿಚಯಿಸಿದರೆ ಈಗ ಮೈಯೆಲ್ಲ ಉರಿಯುತ್ತದೆ. ಮೊದಲು ಹಾಗಿರಲಿಲ್ಲ. ತುಮಕೂರಿನ ಸದಾಶಿವನಗರದಲ್ಲಿ ಮನೆ, ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರ ಕೆಲಸ, ಭಾನುವಾರ ಬಂತೆಂದರೆ ಕೊರಳಿಗೆ ಬೈನಾಕ್ಯುಲರ್ ಹಾಕಿಕೊಂಡು ಬೈಕಿನಲ್ಲಿ ಕೆರೆ ಸುತ್ತುವ ಚಟ. ಒಂದು ವಾರ ಕುಣಿಗಲ್ ಕೆರೆಯಾದರೆ ಇನ್ನೊಂದು ವಾರ ಗುಬ್ಬಿ ದಾಟಿ ಕಡಬದ ಕೆರೆ. "ಆ ಹಕ್ಕಿಗಳಿಗೂ ಒಂದಿನ ರಜಾ ಕೊಡ್ರೀ" ಎಂದು ಹೆಂಡತಿ ಗೊಣಗುತ್ತಿದ್ದಳು. ಆ ಮಾತನ್ನು ಕೇಳಬೇಕಿತ್ತು.

ಕಡಬದ ಕೆರೆಯ ಪಕ್ಕದಲ್ಲೇ ಒಬ್ಬ ಹೆಂಗಸಿನ ರಾಗಿ ಹೊಲ, ಬದುವಿನ ಮೇಲೆ ಒಂದಷ್ಟು ತೆಂಗಿನ ಮರ. ನಾನು ಅವರನ್ನು ಅಕ್ಕ ಅನ್ನುತ್ತೇನೆ, ಅವರು ನನ್ನನ್ನು ಮೇಷ್ಟ್ರೇ ಅನ್ನುತ್ತಾರೆ. ಹೋದ ವರ್ಷ ಮೊದಲ ಮಳೆ ಬಿದ್ದ ವಾರ ನಾನು ಹೋದಾಗ ಹೊಲದಲ್ಲಿ ಬಾಡಿಗೆ ಟ್ರ್ಯಾಕ್ಟರ್ ಓಡುತ್ತಿತ್ತು. ಅಕ್ಕ ಅದರ ಮುಂದೆ ಮುಂದೆ ನೆಲ ನೋಡುತ್ತಾ ನಡೆಯುತ್ತಿದ್ದವರು ಒಂದು ಕಡೆ ನಿಂತು ಕೈ ಅಡ್ಡ ಹಿಡಿದರು.

"ಇಷ್ಟಗ್ಲ ಬುಡ್ಲಾ. ಹಕ್ಕಿ ಮೊಟ್ಟೆ ಮಡಗೈತೆ."

"ಎಲ್ಲೈತಕ್ಕ? ಬರೀ ಕಲ್ಲು ಕಾಣ್ತಾವೆ" ಅಂದ ಟ್ರ್ಯಾಕ್ಟರಿನವನು.

"ಕಲ್ಲೇ ಅಂದ್ಕೊ. ಬುಡು ಮತ್ತೆ."

ಅವನು ಗೊಣಗುತ್ತಲೇ ಸುತ್ತಿ ಬಳಸಿ ಉತ್ತ. ಹೊಲದ ನಡುವೆ ಒಂದು ಮಂಚದಷ್ಟು ನೆಲ ಹಾಗೇ ಉಳಿಯಿತು. ಅದರಲ್ಲಿ ಟಿಟ್ಟಿಭದ ನಾಲ್ಕು ಮೊಟ್ಟೆ, ಮಣ್ಣಿನ ಬಣ್ಣ, ಮೇಲೆ ಕಪ್ಪು ಮಚ್ಚೆ. ಗೂಡು ಅನ್ನುವಂಥದ್ದೇನೂ ಇಲ್ಲ, ನೆಲದಲ್ಲಿ ಒಂದು ಸಣ್ಣ ತಗ್ಗು, ಸುತ್ತ ಬೆಣಚುಕಲ್ಲು, ಅಷ್ಟೇ. "ನಮ್ಮತ್ತೆ ಕಾಲ್ದಿಂದ್ಲೂ ಹಿಂಗೇಯ ಮೇಷ್ಟ್ರೇ. ಆಗ ಎತ್ತು ನಿಲ್ಸಿ ನೇಗ್ಲು ಎತ್ಕೊಂಡು ದಾಟೋರು" ಅಂದರು ಅಕ್ಕ.

ಅಷ್ಟು ಕೇಳಿ ಸುಮ್ಮನೆ ಮನೆಗೆ ಬಂದಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? ಮೊಟ್ಟೆಯ ಫೋಟೋ ತೆಗೆದೆ. ಹಕ್ಕಿ ನೋಡುವವರ ವಾಟ್ಸಾಪ್ ಗುಂಪಿಗೆ ಹಾಕಿದೆ. ಒಬ್ಬರು ಲೊಕೇಶನ್ ಕೇಳಿದರು. ಮಕ್ಕಳಿಗೆ ಒಂದು ಪ್ರಶ್ನೆಗೆ ಒಂದೇ ಉತ್ತರ ಬರೆಯಿರಿ ಎಂದು ಹೇಳಿಕೊಡುವ ನಾನು, ಕೇಳಿದವರು ಒಬ್ಬರಾದರೆ ಇಡೀ ಗುಂಪಿಗೇ ಕಳಿಸಿಬಿಟ್ಟೆ. ಹೆಬ್ಬೆಟ್ಟಿನ ಸುರಿಮಳೆಯಾಯಿತು. ನಾನು ಉಬ್ಬಿಹೋದೆ.

ಮುಂದಿನ ಭಾನುವಾರ ಮೂರು ಕಾರು ಬಂದವು. ಎಲ್ಲರಿಗೂ ಹಸಿರು ಟೋಪಿ, ಜೇಬಿನ ಮೇಲೆ ಜೇಬಿರುವ ಜಾಕೆಟ್ಟು, ತೋಳುದ್ದದ ಲೆನ್ಸು. ಅಕ್ಕ ನಂಟರ ಮದುವೆಗೆಂದು ಗುಬ್ಬಿಗೆ ಹೋಗಿದ್ದರು. ನಾನೇ ಮುಂದೆ ನಿಂತು ದಾರಿ ತೋರಿಸಿದೆ. ಬಿಸಿಲೇರಿದ ಮೇಲೆ ಟಿಟ್ಟಿಭ ಕೆರೆಗೆ ಹೋಗಿ ಹೊಟ್ಟೆಯ ಗರಿ ನೆನೆಸಿಕೊಂಡು ಬಂದು ಮೊಟ್ಟೆಯ ಮೇಲೆ ಕೂರುತ್ತದೆ, ಮೊಟ್ಟೆ ತಣ್ಣಗಿರಲಿ ಅಂತ. ಅವರಿಗೆ ಆ ಫೋಟೋನೇ ಬೇಕಂತೆ. ಒಬ್ಬ ಮಹಾಶಯ "ಫ್ರೇಮ್ ಕ್ಲೀನ್ ಇಲ್ಲ" ಎಂದು ಮೊಟ್ಟೆಯ ಸುತ್ತಲಿದ್ದ ಕಲ್ಲುಗಳನ್ನು ಎತ್ತಿ ಎಸೆದ. ಮಿಕ್ಕವರು ಚಾಪೆ ಹಾಸಿಕೊಂಡು ಬೋರಲು ಮಲಗಿದರು.

ಹಕ್ಕಿ ತಲೆಯ ಮೇಲೆ ಸುತ್ತಿ ಸುತ್ತಿ ಅರಚುತ್ತಿತ್ತು. ಇಳಿಯುತ್ತಿತ್ತು, ನಾಲ್ಕು ಹೆಜ್ಜೆ ಬರುತ್ತಿತ್ತು, ಲೆನ್ಸು ಅಲುಗಿದರೆ ಮತ್ತೆ ಹಾರುತ್ತಿತ್ತು. ಒಂಬತ್ತು ಗಂಟೆಗೆ ಶುರುವಾದದ್ದು ಹನ್ನೆರಡೂವರೆಯಾದರೂ ಮುಗಿಯಲಿಲ್ಲ. ನೆಲದ ಮೇಲೆ ಬರಿಗಾಲು ಇಡುವ ಹಾಗಿರಲಿಲ್ಲ. ಏಳಿ ಸಾಕು ಅನ್ನಲು ಎಷ್ಟು ಹೊತ್ತು ಬೇಕು? ನನ್ನ ಬಾಯಿಗೇನು ಬೀಗ ಹಾಕಿತ್ತೇ? "ಮೇಷ್ಟ್ರ ಕಣ್ಣು ಅಂದ್ರೆ ಕಣ್ಣು ಸಾರ್, ನಮ್ಗೆ ಜನ್ಮದಲ್ಲಿ ಕಾಣ್ತಿರ್ಲಿಲ್ಲ" ಎಂದು ಅವರಲ್ಲೊಬ್ಬರು ಫ್ಲಾಸ್ಕಿನಿಂದ ಟೀ ಬಗ್ಗಿಸಿ ಕೊಟ್ಟಿದ್ದರು. ನಾನು ಆ ಟೀ ಕುಡಿಯುತ್ತಾ ಹಲ್ಲು ಕಿರಿದು ನಿಂತಿದ್ದೆ. ನೆನೆಸಿಕೊಂಡರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳುವಷ್ಟು ಸಿಟ್ಟು ಬರುತ್ತದೆ.

ಕೊನೆಗೂ ಹಕ್ಕಿ ಕೂತಿತು. ಅವರಿಗೆ ಫೋಟೋ ಸಿಕ್ಕಿತು. ಕೈ ಕುಲುಕಿ ಹೊರಟುಹೋದರು.

ಮರುವಾರ ಹೋದೆ. ಮೂರನೆಯ ವಾರವೂ ಹೋದೆ. ಅಕ್ಕ ಆಗಲೇ ಉತ್ತ ನೆಲದ ಮೇಲಿನ ಟೈರಿನ ಗುರುತು, ಚಾಪೆಯ ಗುರುತು, ಚೆಲ್ಲಾಪಿಲ್ಲಿ ಬಿದ್ದ ಕಲ್ಲು ಎಲ್ಲವನ್ನೂ ನೋಡಿದ್ದರು. "ಇನ್ನೂ ಕೂತೈತೆ" ಅನ್ನುತ್ತಿದ್ದರು ಅಷ್ಟೇ. ನಾಲ್ಕನೆಯ ವಾರ ಹಕ್ಕಿ ಇರಲಿಲ್ಲ, ಮೊಟ್ಟೆ ನಾಲ್ಕೂ ಹಾಗೇ ಇದ್ದವು. ಅಕ್ಕ ಒಂದನ್ನು ಎತ್ತಿ ನನ್ನ ಅಂಗೈಯಲ್ಲಿಟ್ಟರು.

"ಬೆಂದೋಗವೆ ಮೇಷ್ಟ್ರೇ. ಅದ್ಕೇನು ಗೊತ್ತು, ಕೂತೇ ಕೂತಿತ್ತು ಪಾಪ. ಟ್ರ್ಯಾಕ್ಟ್ರು ಓಡ್ಸೋನು ಬುಟ್ಟ. ಓದ್ದೋರು ನೀವು ಬುಡ್ನಿಲ್ವಲ್ಲ."

ಅವತ್ತೇ ಗುಂಪಿನಲ್ಲಿ ಬರೆದೆ. ಬಂದ ಉತ್ತರ ಏನು ಗೊತ್ತೇ? "ನೇಚರ್ ಸಾರ್, ಹಾಗೇ ಆಗೋದು." ಇನ್ನೊಬ್ಬರು ಕೈಮುಗಿಯುವ ಚಿತ್ರ ಹಾಕಿದರು. ಅದರ ಕೆಳಗೇ, ಹೊಟ್ಟೆ ನೆನೆಸಿಕೊಂಡು ಬಂದ ಹಕ್ಕಿಯ ಫೋಟೋ ಯಾವುದೋ ಸ್ಪರ್ಧೆಗೆ ಹೋಗಿದೆ, ಎಲ್ಲರೂ ಹಾರೈಸಿ ಎಂಬ ಕೋರಿಕೆ. ನಾಲ್ಕು ಮರಿಗಳನ್ನು ಬಿಸಿಲಲ್ಲಿ ಬೇಯಿಸಿ ಅದಕ್ಕೆ ತಾಯಿಯ ಮಮತೆ ಅಂತ ಹೆಸರಿಟ್ಟಿದ್ದರು. ಇಂಥವರಿಗೆ ನಾಚಿಕೆ ಅನ್ನುವುದು ಯಾವ ಅಂಗಡಿಯಲ್ಲಿ ಸಿಗಬೇಕು? ಬಾಯಿಗೆ ಬಂದದ್ದನ್ನೆಲ್ಲ ಬರೆದು ಗುಂಪು ಬಿಟ್ಟೆ. ಬಿಟ್ಟು, ನಾನು ಅವರ ಪೈಕಿ ಅಲ್ಲ ಎಂದು ಹೆಂಡತಿಯ ಮುಂದೆ, ಸ್ಟಾಫ್ ರೂಮಿನಲ್ಲಿ, ಸಿಕ್ಕಸಿಕ್ಕಲ್ಲಿ ಹೇಳಿಕೊಂಡು ತಿರುಗಿದೆ.

ಈ ವರ್ಷ ಉಳುಮೆ ಮುಗಿದ ಮೇಲೆ ಒಬ್ಬನೇ ಕಡಬಕ್ಕೆ ಹೋದೆ. ಬೈಕ್ ನಿಲ್ಲಿಸುವ ಮೊದಲೇ ಟಿಟ್ಟಿಭವೊಂದು ತಲೆಗೆ ತಗಲುವ ಹಾಗೆ ಎರಗಿ ಅರಚತೊಡಗಿತು. ಹತ್ತಿರದಲ್ಲೇ ಮೊಟ್ಟೆ ಇಲ್ಲದಿದ್ದರೆ ಅದು ಹಾಗೆ ಮೇಲೆ ಬೀಳುವುದಿಲ್ಲ. ಅಕ್ಕ ಬದುವಿನ ಮೇಲೆ ದಾರಿಗೆ ಅಡ್ಡವಾಗಿ ಬಂದು ನಿಂತರು.

"ಈ ವರ್ಸ ಇಲ್ಲ ಮೇಷ್ಟ್ರೇ. ನಮ್ಮೊಲಕ್ಕೆ ಹಕ್ಕಿ ಬರ್ನೇ ಇಲ್ಲ" ಅಂದರು.

ಅದು ನಮ್ಮಿಬ್ಬರ ನೆತ್ತಿಯ ಮೇಲೇ ಕಿರುಚುತ್ತಿತ್ತು. ಸುಳ್ಳು ಹೇಳಿ ಅಭ್ಯಾಸವಿಲ್ಲದ ಹೆಂಗಸು, ನನ್ನ ಮುಖ ನೋಡಲಾಗದೆ ಸೆರಗಿಗೆ ಕೈ ಒರೆಸುತ್ತಾ ನಿಂತಿದ್ದರು.

"ಹೌದಾ ಅಕ್ಕ. ಇಲ್ಲ ಅಂದ್ರೆ ಇಲ್ಲ ಬಿಡಿ" ಎಂದು ಬೈಕ್ ತಿರುಗಿಸಿದೆ.