ಬಾಯ್ಲರಿಗೆ ಬಂದ ಉಪ್ಪು

ಉಜ್ಜನಪ್ಪನಿಗೆ ಕರುಳೆಂಬುದು ಇರಲಿಲ್ಲ. ಅವನ ಹೆಂಡತಿ ಜಗದಾಂಬಾ ಈ ಮಾತನ್ನು ಕೋಪದಿಂದ ಹೇಳುತ್ತಿರಲಿಲ್ಲ. ಮನೆಗೆ ಎಷ್ಟು ಬಾಗಿಲು ಎಂದು ಯಾರೋ ಕೇಳಿದಾಗ ಹೇಳುವ ಹಾಗೆ ಹೇಳುತ್ತಿದ್ದಳು. ದೋಸೆಯ ಅಂಚು ಸೀದಿದ್ದರೆ ಅವನು ಮಾತಿಲ್ಲದೆ ತಟ್ಟೆ ಸರಿಸಿ ಏಳುತ್ತಿದ್ದ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಸರಿಸಿಟ್ಟ ತಟ್ಟೆಗೆ ಏನೆಂದು ಬೈಯುವುದು?

ಭದ್ರಾವತಿಯ ಕಾರ್ಖಾನೆಯೊಂದರ ಬಾಯ್ಲರ್ ಮನೆಯಲ್ಲಿ ನೀರು ಪರೀಕ್ಷಿಸುವ ಕೆಲಸ ಅವನದು. ನೀರಿನಲ್ಲಿರುವ ಸುಣ್ಣದ ಅಂಶ ಕೊಳವೆಯೊಳಗೆ ಕಲ್ಲುಗಟ್ಟದಂತೆ ಅಲ್ಲಿ ಸೋಡಿಯಂ ಫಾಸ್ಫೇಟ್ ಎಂಬ ಬಿಳಿ ಉಪ್ಪನ್ನು ಅಳೆದು ಬೆರೆಸುತ್ತಾರೆ. ಅದು ಸುಣ್ಣವನ್ನು ಹಿಡಿದು ಸಡಿಲವಾದ ಕೆಸರು ಮಾಡಿ ಕೆಳಗಿಳಿಸುತ್ತದೆ. ಮದುವೆಯ ಹೊಸತರಲ್ಲಿ, ಇನ್ನೂ ಮಾತಾಡುತ್ತಿದ್ದ ಕಾಲದಲ್ಲಿ, ಅವನೇ ಅವಳಿಗೆ ಹೇಳಿದ್ದ: ಇದೇ ಜಾತಿಯ ಉಪ್ಪನ್ನು ಡಬ್ಬಿ ಹಾಲಿಗೂ ಚೀಸಿಗೂ ಹಾಕುತ್ತಾರೆ, ಹಾಲಿನಲ್ಲಿರುವ ಸುಣ್ಣವನ್ನೂ ಅದು ಹಿಡಿದಿಟ್ಟುಕೊಳ್ಳುತ್ತದೆ, ಆಗ ಹಾಲು ಕಾವಿಗೂ ಹುಳಿಗೂ ಬೇಗ ಒಡೆಯುವುದಿಲ್ಲ. ಜಗದಾಂಬಾ ಅದನ್ನು ಮರೆತಿರಲಿಲ್ಲ.

ತೊಂಬತ್ತರ ದಶಕದ ಕೊನೆಯಲ್ಲಿ ಕಾರ್ಖಾನೆಯ ಸಂಬಳ ತಿಂಗಳು ತಪ್ಪತೊಡಗಿತು. ಜಗದಾಂಬಾ ನ್ಯೂಟೌನಿನ ಬಸ್ ನಿಲುಗಡೆಯೆದುರು ಟೀ ಅಂಗಡಿ ಇಟ್ಟಳು. ಅವಳ ಬೆಲ್ಲದ ಟೀಗೆ ಹೆಸರು ಬಂತು. ಬೆಲ್ಲ ಹಾಕಿದ ಡಿಕಾಕ್ಷನ್ನು ಸ್ವಲ್ಪ ಆರಿದ ಮೇಲೆ, ಒಂದೊಂದೇ ಲೋಟಕ್ಕೆ ಹಾಲು ಬೆರೆಸುವುದು ಅವಳ ಕ್ರಮ. ಎರಡನ್ನೂ ಕೂಡಿಸಿ ಕುದಿಸಿದರೆ ಹಾಲು ಒಡೆಯುತ್ತದೆ. ಉಜ್ಜನಪ್ಪ ಆ ಟೀಯನ್ನು ಒಂದು ದಿನವೂ ಬಾಯಿಗಿಡಲಿಲ್ಲ. “ಅಂಗಡಿ ಲೋಟ ಸರಿಯಾಗಿ ತೊಳ್ದಿರಲ್ಲ” ಎಂದಿದ್ದ, ತೊಳೆಯುತ್ತಿದ್ದವಳ ಎದುರಿಗೇ.

ಒಂದು ಬೇಸಿಗೆಯಲ್ಲಿ ಶಿವಮೊಗ್ಗದ ಹೊಸ ಖಾಸಗಿ ಕಾಲೇಜಿನಿಂದ ಅವಳಿಗೆ ಕರೆ ಬಂತು. ಪ್ರಾರಂಭೋತ್ಸವದ ದಿನ ಬೆಲ್ಲದ ಟೀ ಕೊಟ್ಟು ಸೈ ಅನ್ನಿಸಿಕೊಂಡರೆ ಕ್ಯಾಂಟೀನು ಅವಳದೇ. ಆದರೆ ಬಂದವರಿಗೆ ಬಂದ ಹಾಗೆ ಕೊಡಲು ಟೀ ದೊಡ್ಡ ಪಾತ್ರೆಯಲ್ಲಿ ಬಿಸಿಬಿಸಿಯಾಗಿ ಸಿದ್ಧವಿರಬೇಕು.

“ರೀ, ಆ ಉಪ್ಪು ಒಂಚೂರು ತಂದ್ಕೊಡಿ.”

“ಅದು ಬಾಯ್ಲರಿಗೆ ಬಂದದ್ದು. ಅದ್ರಲ್ಲಿ ಸೀಸ ಇರುತ್ತೋ, ಪಾಷಾಣ ಇರುತ್ತೋ, ಯಾರೂ ನೋಡಿರಲ್ಲ. ತಿನ್ನೋಕೆ ಬೇರೆ ದರ್ಜೆ ಬರುತ್ತೆ.”

“ಹಾಗಾದ್ರೆ ತಿನ್ನೋ ದರ್ಜೇದೇ ತರ್ಸಿ. ಉಪ್ಪು ಸಪ್ಲೈ ಮಾಡೋರು ನಿಮ್ಗೆ ಗೊತ್ತಲ್ಲ.”

“ಮನೆ ಕೆಲ್ಸಕ್ಕೆ ಅವರ ಹತ್ರ ಕೈ ಒಡ್ಡಲ್ಲ.”

“ನನಗೋಸ್ಕರ ಅಂತಾನೂ ಇಲ್ವಾ?”

ಅವನು ಪೇಪರು ಮಡಿಸಿಟ್ಟು ಎದ್ದುಹೋದ.

ಬಾಯ್ಲರ್ ಮನೆಯ ಹೆಲ್ಪರ್ ಹೊನ್ನಯ್ಯ ಅಂಗಡಿಯ ಖಾಯಂ ಗಿರಾಕಿ. ವಿಷಯ ಕಿವಿಗೆ ಬಿದ್ದದ್ದೇ ತಡ, ಉಪ್ಪಿನ ಪೊಟ್ಟಣ ಕಟ್ಟಿಕೊಂಡು ಬಂದ. “ತಗೊಳ್ಳಿ ಅಕ್ಕ. ನಮ್ ಸಾರ್ ಮಾತು ಕೇಳಿದ್ರೆ ಭದ್ರಾ ಹೊಳೆನೂ ಸರ್ಟಿಫಿಕೇಟ್ ತಗೊಂಡೇ ಹರೀಬೇಕು.” ಜಗದಾಂಬಾ ನಕ್ಕು, ಪೊಟ್ಟಣವನ್ನು ಮನೆಗೆ ಒಯ್ದು, ಉಪ್ಪನ್ನು ಖಾಲಿ ಡಬ್ಬಿಯೊಂದಕ್ಕೆ ಸುರಿದು ಟೀಪುಡಿಯ ಹಿಂದೆ ಇಟ್ಟಳು.

ಹೊರಡುವ ದಿನ ಬೆಳಿಗ್ಗೆ ನೋಡಿದರೆ, ಉಜ್ಜನಪ್ಪ ಅದನ್ನು ಬಚ್ಚಲಿಗೆ ಸುರಿದು ನೀರು ಬಿಡುತ್ತಿದ್ದ.

“ಆ ಡಬ್ಬಿನೂ ತೊಳ್ದು ಇಟ್ಟಿದೀನಿ” ಎಂದ.

ಪಾತ್ರೆ ಹೊರಲು ಒಬ್ಬರು ಬೇಕಿತ್ತು. ಅವನೇ ರಜೆ ಹಾಕಿ ಬಂದ. ಸಹಾಯಕ್ಕಲ್ಲ, ಕಾವಲಿಗೆ ಎಂದುಕೊಂಡಳು ಜಗದಾಂಬಾ.

ಕಾಲೇಜಿನಲ್ಲಿ ಅವಳು ಡಿಕಾಕ್ಷನ್ನು ಆರಿಸಿಯೇ ಹಾಲು ಬೆರೆಸಿದಳು. ಅಷ್ಟರಲ್ಲಿ ಭಾಷಣ ಮುಗಿದು ಜನ ನುಗ್ಗಿದರು. ಕಾಲೇಜಿನ ಮ್ಯಾನೇಜರ್ ಮಲ್ಲೇಶ್ ಒಂದು ಗುಟುಕು ಕುಡಿದು ಮುಖ ಹಿಂಡಿದ. “ತಣ್ಣಗಿದೆಯಲ್ಲಮ್ಮ, ಒಲೆ ಮೇಲಿಡಿ.” ಇಡದೆ ವಿಧಿಯಿರಲಿಲ್ಲ. ಕುದಿ ಬರುವ ಮೊದಲೇ ಹಾಲು ಒಡೆದು ಗಂಟುಗಂಟಾಗಿ ಮೇಲೆ ತೇಲಿತು. ಅವಳು ಸೋಸಿ ಕೊಟ್ಟಳು. ಲೋಟದಲ್ಲಿ ಮತ್ತೆ ಗಂಟು.

“ಏನಮ್ಮಾ, ಟೀ ಕೇಳಿದ್ರೆ ಗಿಣ್ಣು ಕೊಡ್ತಿದೀರಲ್ಲ. ನಿಮ್ಮನೇಲಿ ಹಸು ಕರು ಹಾಕಿದ್ಯಾ?” ಎಂದ ಮಲ್ಲೇಶ್. ಸುತ್ತಲಿದ್ದವರು ನಕ್ಕರು. ತುಂಬಿದ ಲೋಟಗಳು ಕಟ್ಟೆಯ ಮೇಲೆ ಹಾಗೆಯೇ ಸಾಲಾಗಿ ಕೂತವು. “ನೀವಿನ್ನು ಹೊರಡಿ, ಬೇರೆಯವ್ರನ್ನ ನೋಡ್ತೀವಿ.”

ಕ್ಯಾಂಟೀನು ಬೇರೊಬ್ಬನ ಪಾಲಾಯಿತು. ಅವನ ಪಾತ್ರೆಯಲ್ಲಿ ಟೀ ಒಮ್ಮೆಯೂ ಒಡೆಯಲಿಲ್ಲವಂತೆ. ಅದಕ್ಕೆ ಏನು ಹಾಕುತ್ತೀಯ ಎಂದು ಯಾರೂ ಕೇಳಲಿಲ್ಲ, ಕುಡಿದವರು ಯಾರೂ ಸಾಯಲೂ ಇಲ್ಲ. ಜಗದಾಂಬಾ ಗಂಡನಿಗೆ ಇದನ್ನು ಎಷ್ಟೋ ವರ್ಷ ಎತ್ತಿ ಆಡಿದಳು.

ಅದೆಲ್ಲ ಆಮೇಲಿನ ಮಾತು. ಆ ದಿನ ಅವಳು ತಲೆ ತಗ್ಗಿಸಿ ಪಾತ್ರೆಗೆ ಮುಚ್ಚಳ ಹಾಕುತ್ತಿದ್ದಾಗ ಒಂದು ಲೋಟ ಅವಳ ಮುಂದೆ ಬಂತು. ಹಿಡಿದವನು ಉಜ್ಜನಪ್ಪ. ಅವಳು ತುಂಬಿಸಿದಳು. ಅವನು ತೇಲುತ್ತಿದ್ದ ಗಂಟುಗಳನ್ನು ಒಮ್ಮೆ ನೋಡಿ, ಮಲ್ಲೇಶನ ಪಕ್ಕದಲ್ಲೇ ನಿಂತು ಪೂರ್ತಿ ಕುಡಿದ. ತಳದಲ್ಲಿ ಉಳಿದದ್ದನ್ನು ಬೆರಳಿನಿಂದ ಬಳಿದು ತಿಂದ. ಲೋಟವನ್ನು ತೊಳೆಯಲಿಲ್ಲ, ಹಾಗೆಯೇ ಮತ್ತೆ ಅವಳ ಮುಂದೆ ಹಿಡಿದ.

“ಇನ್ನೊಂದು ಹಾಕು.”