ಮಷಿನ್ ಬಂದ್ ಮಾಡುವ ಅಧಿಕಾರ

ನಿನ್ನೆ ಮಧ್ಯಾಹ್ನ ಕರೆಂಟು ಹೋಗಿ ಮನೆಯ ಯುಪಿಎಸ್ ಕೀಂ ಕೀಂ ಎಂದಿತು. ನಿಮಗೆ ಆ ಸದ್ದು ಬರೀ ಕಿರಿಕಿರಿ. ನನಗೆ ಮಾತ್ರ ಹುಲಿಗೆಮ್ಮ ನೆನಪಾಗುತ್ತಾಳೆ.

ಅದು ಅದಿರಿನ ಸುಗ್ಗಿಯ ಕಾಲ. ಸಂಡೂರು ರಸ್ತೆಯ ತುಂಬ ಲಾರಿಗಳು, ಊಟದ ಡಬ್ಬಿಯೊಳಗೂ ಕೆಂಪು ಧೂಳು. ಗಾದಿಗನೂರಿನ ಹತ್ತಿರ ಲಾರಿ ತೂಗುವ ಕಚೇರಿಯೊಂದರಲ್ಲಿ ಒಂದು ಯುನಿಕ್ಸ್ ಮಷಿನ್, ಅಂದರೆ ದೊಡ್ಡ ಕಂಪ್ಯೂಟರ್ ಇತ್ತು, ಅದಕ್ಕೆ ಆರು ಪರದೆಗಳು. ಆರು ಜನ ಅದರಲ್ಲಿ ಕೆಲಸ ಮಾಡಬಹುದಿತ್ತು. ಬಂದ್ ಮಾಡುವ ಅಧಿಕಾರ ಮಾತ್ರ ಅದನ್ನು ನೋಡಿಕೊಳ್ಳುತ್ತಿದ್ದ ನನ್ನೊಬ್ಬನದು. ಹೊಸಪೇಟೆಯಲ್ಲಿ ಕೂತು ಅದರ ಪಾಸ್‌ವರ್ಡನ್ನು ಮಡಿಬಟ್ಟೆಯ ಹಾಗೆ ಯಾರೂ ಮುಟ್ಟದಂತೆ ಕಾದಿದ್ದೆ. ಕರೆಂಟು ಹೋದರೆ ಬೈಕ್ ಹತ್ತಿ ಓಡುತ್ತಿದ್ದೆ. ತಲುಪುವಷ್ಟರಲ್ಲಿ ಅಲ್ಲಿಯ ಯುಪಿಎಸ್ ಬ್ಯಾಟರಿ ಮುಗಿದು, ಮಷಿನ್ ತಟಕ್ಕನೆ ನಿಂತು, ಫೈಲುಗಳು ಕೆಟ್ಟಿರುತ್ತಿದ್ದವು.

ಆಪರೇಟರ್ ಹುಲಿಗೆಮ್ಮ, ಮೆಟ್ರಿ ಊರಿನವಳು, ಒಂದು ದಿನ ಕೇಳಿಯೇಬಿಟ್ಟಳು. "ಸರ, ನೀವು ಬರೋದ್ರಾಗ ಅದು ಸತ್ತಿರತೈತಿ. ಬಂದ್ ಮಾಡೋದು ನಮಗ ಕಲಿಸಿದ್ರ ಏನ್ ಹೋಗತೈತ್ರಿ?"

ಹೋಗುವುದು ನನ್ನ ದೊಡ್ಡಸ್ತಿಕೆ ಎಂದು ಬಾಯಿಬಿಟ್ಟು ಹೇಳಲಾದೀತೇ? ಪಾಸ್‌ವರ್ಡ್ ಕೊಡಲಿಲ್ಲ. ಯಾರು ಏನು ಮಾಡಬಹುದೆನ್ನುವ ಮಷಿನ್ನಿನ ಅನುಮತಿಯ ಪಟ್ಟಿಯಲ್ಲಿ ಅವಳ ಹೆಸರಿನ ಮುಂದೆ ಬಂದ್ ಮಾಡುವ ಕಮಾಂಡ್ ಒಂದನ್ನೇ ಬರೆದೆ.

ಮುಂದಿನ ವಾರ ನಾನು ಅಲ್ಲಿದ್ದಾಗಲೇ ಕರೆಂಟು ಹೋಯಿತು. ನಾನಾಗಿದ್ದರೆ ಕ್ಷಣದಲ್ಲಿ ಎಲ್ಲರ ಪರದೆ ಆರಿಸಿಬಿಡುತ್ತಿದ್ದೆ. ಅರ್ಧ ಬರೆದವರ ಪಾಡು ಅವರಿಗೆ. ಹುಲಿಗೆಮ್ಮ ಎಲ್ಲರ ಪರದೆಗೂ ಐದು ನಿಮಿಷದ ಮುನ್ಸೂಚನೆ ಕಳಿಸಿ, ಎದ್ದು, ಮೇಜಿನಿಂದ ಮೇಜಿಗೆ ಹೋದಳು. "ನಿಂದು ಆತೇನು? ಸೇವ್ ಮಾಡಿದೇನು?" ಪಂಕ್ತಿಯಲ್ಲಿ ಕೊನೆಯವರ ಊಟ ಮುಗಿಯದೆ ಏಳಬಾರದೆನ್ನುವ ಮನೆಯಲ್ಲಿ ಬೆಳೆದವನು ನಾನು. ಆ ಮರ್ಯಾದೆ ಮಷಿನ್ ಮುಂದೆ ಒಂದು ದಿನವೂ ಹೊಳೆದಿರಲಿಲ್ಲ.

ಅಷ್ಟರಲ್ಲಿ ಮ್ಯಾನೇಜರು ನುಗ್ಗಿ ಬಂದರು. "ಹೊರಗ ಲಾರಿ ಸಾಲುಗಟ್ಟಿ ನಿಂತಾವು, ಬಂದ್ ಮಾಡಬ್ಯಾಡ! ಯಾರ್ ಕೊಟ್ರು ನಿನಗ ಈ ಅಧಿಕಾರ?"

ಇವಳ ಕೆಲಸಕ್ಕೆ ಸಂಚಕಾರ ತಂದೆನಲ್ಲ ಎನ್ನಿಸಿತು.

ಅವಳು ಹೆದರಲಿಲ್ಲ. "ಸರ ಕೊಟ್ಟಾರ್ರಿ. ಈಗ ಬಂದ್ ಮಾಡಿದ್ರ ಕರೆಂಟ್ ಬಂದ ಕೂಡ್ಲೆ ಲಾರಿ ಬಿಡ್ತೀನಿ. ಮಷಿನ್ ತಾನಾ ಸತ್ರ ಲಾರಿ ಸಂಜಿತನ ನಿಂದ್ರತಾವು."

"ಹೌದ್ರಿ, ನಾನ ಕೊಟ್ಟೀನಿ," ಎಂದೆ.

ಅವಳು ಬಂದ್ ಮಾಡಿದಳು. ಕರೆಂಟು ಬಂದಾಗ ಬರೆದದ್ದರಲ್ಲಿ ಒಂದು ಸಾಲೂ ಕಳೆಯದೆ ಎಲ್ಲವೂ ಎದ್ದು ಬಂತು. ಮ್ಯಾನೇಜರು ಎಲ್ಲರಿಗೂ ಚಹಾ ತರಿಸಿದರು.

ಈಗ ಅವಳು ಕಂಪ್ಲಿಯ ಆಸ್ಪತ್ರೆಯೊಂದರಲ್ಲಿ ಕಂಪ್ಯೂಟರ್ ವಿಭಾಗದ ಮುಖ್ಯಸ್ಥೆ. ನಿನ್ನೆ ಫೋನ್ ಮಾಡಿ, ಕೈಕೆಳಗಿನವರಿಗೆ ಆ ಅಧಿಕಾರ ಕೊಟ್ಟಿದ್ದೀಯಾ ಎಂದು ಕೇಳಿದೆ.

"ಎಲ್ಲಾರಿಗೂ ಕೊಟ್ಟೀನ್ರಿ ಸರ. ಕಮಾಂಡ್ ಕಲಿಯಾಕ ಒಂದ್ ನಿಮಿಷ ಸಾಕು. ಎದ್ದು ಹೋಗಿ 'ನಿಂದು ಆತೇನು' ಅಂತ ಕೇಳೋದು ಕಲಿಸಾಕ ಒಂದ್ ವಾರ ಹಿಡಿತೈತಿ."

ಹುಲಿಗೆಮ್ಮನಿಗೆ ಕಲಿಸಿದವನು ನಾನು ಎಂದು ಇಷ್ಟು ವರ್ಷ ಊರೆಲ್ಲ ಹೇಳಿಕೊಂಡು ತಿರುಗಿದ್ದೇನೆ. ನಿನ್ನೆಯಿಂದ, ಅವಳ ಹತ್ತಿರ ಕಲಿತವನು ಎಂದು ಹೇಳುತ್ತಿದ್ದೇನೆ. ಹೆಮ್ಮೆ ಇದರಲ್ಲೇ ಹೆಚ್ಚು.