ನೊರೆಯಿಲ್ಲದ ದಾರಿ

ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷ. ಉಡುಪಿಯಿಂದಾಚೆ ಒಂದು ಸಣ್ಣ ಕಡಲತೀರ. ಜಯ ನೀರಿಗಿಳಿದಳು, ನಾನು ವಾಚು ನೋಡಿಕೊಂಡೆ. (ದಡದಲ್ಲಿ ಕೂತವರಿಗೆ ಇನ್ನೇನು ಕೆಲಸ?) ಎಲ್ಲ ಕೆಡಲು ಶುರುವಾದದ್ದು ಆಗಲೇ. ನನಗೆ ಗೊತ್ತಾಗಲಿಲ್ಲ, ಅಷ್ಟೆ.

ಈ ಅಂಕಣ ಓದುವವರಿಗೆ ನಮ್ಮ ಹುಚ್ಚು ಹೊಸದಲ್ಲ. ನಾನು ಶ್ರೀರಂಗಪಟ್ಟಣದವಳು, ಸ್ನಾನಘಟ್ಟದಲ್ಲಿ ಈಜು ಕಲಿತವಳು. ಜಯ ಕೆ.ಆರ್. ಪೇಟೆ ಕಡೆಯ ಸಿಂಧಘಟ್ಟದವಳು. ಒಣಗಿದ ಸೋರೆಬುರುಡೆ ಬೆನ್ನಿಗೆ ಕಟ್ಟಿಸಿಕೊಂಡು ಬಾವಿಯಲ್ಲಿ ಕಲಿತವಳು. ಈಗ ಪಾಂಡವಪುರದಲ್ಲಿ ಪಿ.ಟಿ. ಟೀಚರ್. ಭಾನುವಾರ ಇಬ್ಬರಿಗೂ ಕಾವೇರಿ, ಮಳೆಗಾಲ ಬಿಟ್ಟರೆ ತಿಂಗಳ ಎರಡನೇ ಶನಿವಾರ ಸಮುದ್ರ. ಶುಕ್ರವಾರ ಸಂಜೆ ಶಾಲೆ ಬಿಟ್ಟೊಡನೆ ಅವಳ ಗಂಡ ಪುಟ್ಟರಾಜು ಕಾರು ತೆಗೆಯುತ್ತಾನೆ. ಬೈಯುತ್ತಲೇ ತೆಗೆಯುತ್ತಾನೆ, ಆದರೆ ಒಂದು ತಿಂಗಳೂ ತಪ್ಪಿಸಿಲ್ಲ.

ಕಾವೇರಿ ಬಾಗಿಲಲ್ಲೇ ಹರಿಯುವಾಗ ಸಮುದ್ರ ಯಾಕೆ? ಈ ಪ್ರಶ್ನೆ ಕೇಳದವರಿಲ್ಲ. ಯಾಕೆಂದರೆ, ನದಿಯಲ್ಲಿ ನಮ್ಮ ಭಾರ ನಾವೇ ಹೊರಬೇಕು, ಸಮುದ್ರ ಹೊತ್ತುಕೊಳ್ಳುತ್ತದೆ. ಅಂಗಾತ ಮಲಗಿದರೆ ಕಿವಿ ತುಂಬ ನೀರು, ಕಣ್ಣು ತುಂಬ ಆಕಾಶ. ಕುಕ್ಕರ್ ಕೂಗಲ್ಲ. ವಾಟ್ಸಾಪ್ ಬರಲ್ಲ. "ಅಮ್ಮಾ, ನನ್ನ ಸಾಕ್ಸ್ ಎಲ್ಲಿ?" ಅನ್ನುವವರಿಲ್ಲ. ಹೊರಗೆ ಬಂದರೆ ಚರ್ಮದ ಮೇಲೆ ಉಪ್ಪಿನ ಬಿಳಿ ಗೆರೆ, ಹೊಟ್ಟೆಯಲ್ಲಿ ಎರಡು ಮುದ್ದೆ ಇಳಿಯುವಷ್ಟು ಹಸಿವು. ಕಷ್ಟ ಇಲ್ಲವೇ? ಇದೆ. ಜೆಲ್ಲಿ ಫಿಶ್ ತಾಗಿದರೆ ಸಂಜೆವರೆಗೆ ಉರಿ. ಒಂದು ಅಲೆ ನುಂಗಿದರೆ ವಾಂತಿ. ಊರಿಗೆ ಬಂದು ತಲೆ ತೊಳೆದ ಮೇಲೂ ದಿಂಬಿನ ಮೇಲೆ ಮರಳು. ಹಾಗಂತ ಬಿಡುವುದುಂಟೇ?

ಅವತ್ತು ನನ್ನ ಭುಜ ಹಿಡಿದುಕೊಂಡಿತ್ತು, ದಡದಲ್ಲೇ ಕೂತಿದ್ದೆ. ಪಕ್ಕದಲ್ಲಿ ಟೀ ಫ್ಲಾಸ್ಕಿನೊಂದಿಗೆ ಪುಟ್ಟರಾಜು. ಎಡಕ್ಕೂ ಬಲಕ್ಕೂ ಅಲೆಗಳು ಬಿಳಿಯಾಗಿ ಒಡೆಯುತ್ತಿದ್ದವು. ನಡುವೆ ಒಂದು ಪಟ್ಟಿ ಮಾತ್ರ ಕಪ್ಪಗೆ, ನುಣ್ಣಗೆ.

"ಅಲ್ನೋಡಮ್ಮಿ, ಎಂಗದೆ! ನಮ್ಮ ಸ್ನಾನಘಟ್ಟದ ನೀರಿದ್ದಂಗದೆ," ಅಂದಳು ಜಯ.

"ಅಲ್ಲೇ ಇಳಿ ಮತ್ತೆ," ಅಂದೆ ನಾನು.

ನಮ್ಮ ಕಡೆಯವರು ಮಾತ್ರ ಮಾಡುವ ತಪ್ಪು ಇದು. ನಮ್ಮ ಹೊಳೆಯಲ್ಲಿ ನೊರೆ ಎದ್ದರೆ ಅಡಿಯಲ್ಲಿ ಬಂಡೆ ಇದೆ ಎಂದು ಲೆಕ್ಕ. ನುಣ್ಣಗಿರುವ ಕಡೆ ಇಳಿಯುತ್ತೇವೆ. ಸಮುದ್ರದಲ್ಲಿ ಇದು ಪೂರ್ತಿ ಉಲ್ಟಾ. ದಡಕ್ಕೆ ಬಂದು ಬಿದ್ದ ಅಷ್ಟೂ ನೀರು ವಾಪಸ್ ಹೋಗಬೇಕಲ್ಲ, ಅದು ಹೋಗುವ ದಾರಿಯೇ ಆ ನುಣ್ಣನೆಯ ಪಟ್ಟಿ. ಸಮುದ್ರದಲ್ಲಿ ಈಜಲು ಕಲಿಸಿದ ಕೋಚ್ ಮೊದಲ ದಿನವೇ ಹೇಳಿಕೊಟ್ಟಿದ್ದರು. ಇಬ್ಬರೂ ತಲೆಯಾಡಿಸಿದ್ದೆವು. ಕಿವಿ ಕೇಳಿಸಿಕೊಂಡಿತ್ತು, ಕಣ್ಣು ಮಾತ್ರ ಕಾವೇರಿಯದ್ದೇ.

ಜಯ ಸೊಂಟಕ್ಕೆ ಕಟ್ಟಿಕೊಂಡಿದ್ದ ಕಿತ್ತಳೆ ಬಣ್ಣದ ಫ್ಲೋಟು (ಪುಟ್ಟರಾಜು ಅದನ್ನು ಈಗಲೂ ಬುರುಡೆ ಅಂತಲೇ ಕರೆಯುವುದು) ಸಣ್ಣದಾಗುತ್ತಾ ಹೋಯಿತು. ಇವತ್ತು ಏನು ಸ್ಪೀಡು ಅಂದುಕೊಂಡೆ. ಅವಳು ನಮ್ಮ ಕಡೆ ತಿರುಗಿದಳು. ದಡಕ್ಕೆ ಈಜಲು ಕೈ ಬೀಸಿದಳು, ಬೀಸಿದಳು. ಒಂದು ಮಾರೂ ಹತ್ತಿರ ಬರಲಿಲ್ಲ.

ಪುಟ್ಟರಾಜು ಎದ್ದು ಓಡಿದ. ನಾನೂ ಓಡಿದೆ. ಅವನು ನಾಲೆಯಲ್ಲಿ ಈಜು ಕಲಿತವನು, ಏರಿಯಿಂದ ಧುಮುಕಿ ಆ ಕಡೆ ಏಳುವುದಷ್ಟೇ ಗೊತ್ತು. ಸಮುದ್ರಕ್ಕೆ ಮೊಣಕಾಲಿನಿಂದ ಮೇಲೆ ಇಳಿದವನೇ ಅಲ್ಲ. ಸೊಂಟದ ನೀರಿನಲ್ಲಿ ಅವನ ಅಂಗಿ ಹಿಡಿದುಕೊಂಡೆ.

"ಬುಡಕ್ಕ! ಓಯ್ತಾವ್ಳೆ ಅವ್ಳು! ಬುಡು ನನ್ನ!"

ಬಿಡಲಿಲ್ಲ. ಅಂಗಿ ಹರಿಯಿತು. ಹರಿದ ಮೇಲೂ ಬಿಡಲಿಲ್ಲ. ಇನ್ನೊಂದು ಕೈಯಲ್ಲಿ ಜಯಳಿಗೆ ಪಕ್ಕಕ್ಕೆ, ಪಕ್ಕಕ್ಕೆ ಎಂದು ಸನ್ನೆ ಮಾಡುತ್ತಾ ಕಿರುಚುತ್ತಿದ್ದೆ. ಕಾಣಿಸಿತೋ, ಕೇಳಿಸಿತೋ, ಅವಳಿಗೇ ನೆನಪಾಯಿತೋ ಗೊತ್ತಿಲ್ಲ. ಅವಳು ಕೈ ಬೀಸುವುದನ್ನು ನಿಲ್ಲಿಸಿದಳು. ಆ ಕ್ಷಣ ಮುಗಿದೇ ಹೋಯಿತು ಅಂದುಕೊಂಡೆ. ಇಲ್ಲ, ಫ್ಲೋಟಿನ ಮೇಲೆ ಎದೆ ಹಾಕಿ ಸುಧಾರಿಸಿಕೊಳ್ಳುತ್ತಿದ್ದಳು. ಆಮೇಲೆ ಓರೆಯಾಗಿ ಹೊರಟಳು. ತುಂಬಿದ ಹೊಳೆಯನ್ನು ಯಾರೂ ನೇರ ದಾಟುವುದಿಲ್ಲ, ನೀರಿಗೆ ಒಂದಷ್ಟು ಬಿಟ್ಟುಕೊಟ್ಟು ಓರೆಯಾಗಿ ಹೋಗುತ್ತೇವಲ್ಲ, ಹಾಗೆ. ಕೆಡಿಸಿದ ಕಾವೇರಿಯೇ ಕಾಪಾಡಿದಳು ಅನ್ನಿ. ತುಂಬಾ ದೂರದಲ್ಲಿ, ನೊರೆಯೇಳುವ ಕಡೆ, ಒಂದು ಅಲೆ ಅವಳನ್ನು ತಂದು ಮರಳ ಮೇಲೆ ಬಿಸಾಕಿತು.

ಓಡಿಹೋದೆವು. ಅಂಬೆಗಾಲಿನಲ್ಲಿದ್ದ ಜಯ ತಲೆಯೆತ್ತಿ ಕೇಳಿದ್ದು: "ಟೀ ಐತಾ?"

"ಟೀ ಬೇಕಂತೆ ಟೀ, ಇವ್ಳ ಮನೆ ಕಾಯ್ವಾಗ!" ಎಂದ ಪುಟ್ಟರಾಜು. ಅರ್ಧ ಟೀ ಲೋಟಕ್ಕೆ, ಅರ್ಧ ಮರಳಿಗೆ.

ವಾಪಸ್ ಹೊರಟೆವು. ಘಟ್ಟ ಹತ್ತಿದ ಮೇಲೆ ಪುಟ್ಟರಾಜು ರಸ್ತೆ ನೋಡಿಕೊಂಡೇ ಹೇಳಿದ: "ಅವ್ಳು ಬರ್ದೆ ಓಗಿದ್ರೆ ಜನ್ಮದಲ್ಲಿ ನಿಮ್ಮ ಮೊಕ ನೋಡ್ತಿರ್ನಿಲ್ಲ ಕಣಕ್ಕ."

"ನಾನು ಬಿಟ್ಟಿದ್ದರೆ ನಿಮ್ಮಿಬ್ಬರ ಮುಖಾನೂ ನಾನು ನೋಡ್ತಿರಲಿಲ್ಲ, ಪುಟ್ಟರಾಜು."

ಬಾಯಿ ಗಟ್ಟಿಯಾಗಿ ಹೇಳಿತು. ರಾತ್ರಿಗಳು ಗಟ್ಟಿಯಾಗಿರಲಿಲ್ಲ. ಕಣ್ಣು ಹತ್ತಿದರೆ ಸಾಕು, ಕೈಯೊಳಗೆ ಅಂಗಿ ಜಗ್ಗುತ್ತದೆ. ಎಚ್ಚರವಾದರೆ ಹೊದಿಕೆ ಮುಷ್ಟಿಯಲ್ಲಿ. ಅವಳು ಬರದೇ ಇದ್ದಿದ್ದರೆ? ಗಂಡನನ್ನು ತಡೆದವಳು ನಾನೇ ಅಲ್ಲವೇ?

ಇನ್ನು ಊರು. ಸುದ್ದಿ ನಮಗಿಂತ ಮೊದಲೇ ತಲುಪಿತ್ತು. "ಮಕ್ಕಳು ಕಾಲೇಜಿಗೆ ಬಂದ ಮೇಲೆ ಬೇಕಿತ್ತಾ ಇದು?" "ತಿಂದಿದ್ದು ಹೆಚ್ಚಾಯ್ತು." ಜಯಳ ಅತ್ತೆ ನಿಂಗಮ್ಮನವರು ಈಜುಡುಗೆಯನ್ನು ಅಕ್ಕಿ ಡ್ರಮ್ಮಿನೊಳಗೆ ಬಚ್ಚಿಟ್ಟರು. ನನ್ನ ಸೋದರತ್ತೆ ನಾಗಮಂಗಲದಿಂದ ಫೋನು ಮಾಡಿ ಅರ್ಧ ಗಂಟೆ ಬೈದರು.

ನನಗೆ ಅರ್ಥವಾಗದ್ದು ಒಂದೇ. ಹೈವೇಯಲ್ಲಿ ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡ ಗಂಡಸಿಗೆ, ಇನ್ನು ಜನ್ಮದಲ್ಲಿ ಬೈಕು ಮುಟ್ಟಬೇಡ ಅಂತ ಯಾರಾದರೂ ಹೇಳಿದ್ದುಂಟಾ? "ಹುಷಾರಾಗಿ ಓಡ್ಸಪ್ಪ" ಅನ್ನುತ್ತಾರೆ. ನಾಲೆ ಏರಿಯ ಮೇಲೆ ಒಂದೇ ಬೈಕಿನಲ್ಲಿ ಮೂವರು ಹಾರಿಕೊಂಡು ಹೋಗುವುದನ್ನು ದಿನಾ ನೋಡುವ ಊರು ಇದು. ನಲವತ್ತು ದಾಟಿದ ಇಬ್ಬರು ಹೆಂಗಸರು ಫ್ಲೋಟು ಕಟ್ಟಿಕೊಂಡು ನೀರಿಗಿಳಿದರೆ ಮಾತ್ರ ಕೊಬ್ಬು. ಅಪಾಯದಲ್ಲೂ ಗಂಡು ಹೆಣ್ಣು ಅಂತ ಇದೆಯಾ?

ಮುಂದಿನ ಎರಡನೇ ಶನಿವಾರ ಹತ್ತಿರ ಬಂತು. ಜಯ ಬರುತ್ತಾಳೋ ಇಲ್ಲವೋ ಗೊತ್ತಿರಲಿಲ್ಲ. ಗುರುವಾರ ಅವಳ ಮನೆಗೆ ಹೋದೆ. ಅಕ್ಕಿ ಡ್ರಮ್ಮಿನ ಮುಂದೆ ಅತ್ತೆ ಸೊಸೆ ನಿಂತಿದ್ದರು.

"ಸಮುದ್ರುಕ್ಕೋಗಿದ್ದು ತೆಪ್ಪಲ್ಲ ಅತ್ತೆ," ಅನ್ನುತ್ತಿದ್ದಳು ಜಯ. "ಅದುನ್ನ ಒಳೆ ಅಂದ್ಕಂಡಿದ್ದು ತೆಪ್ಪು. ಇನ್ನೊಂದ್ಸಲ ಅಂದ್ಕಳಕಿಲ್ಲ."

"ನನ್ ಮಗನ್ ಅಂಗಿ ಅರ್ದಿದ್ದಕ್ಕೆ ಯಾರವ್ವಾ ಜವಾಬ್ದಾರಿ?" ಎಂದು ನಿಂಗಮ್ಮನವರು ನನ್ನ ಕಡೆ ತಿರುಗಿದರು.

"ಹರಿದವಳು ನಾನೇ," ಅಂದೆ.

ಅವರು ಡ್ರಮ್ಮಿನ ಮುಚ್ಚಳ ತೆಗೆದರು. ಒಳಗೆ ಕೈಹಾಕಿ ಈಜುಡುಗೆ ಎಳೆದು, ಅಕ್ಕಿ ಕೊಡವಿ, ಸೊಸೆಯ ಮೇಲೆ ಎಸೆದರು. "ಅವ್ನು ಮಾತ್ರ ದಡುದ್ ಮೇಲೇ ಇರ್ಲಿ, ಅಷ್ಟೆಯ."

ಹೋದೆವು. ಈ ಸಲ ನೀರಿಗೆ ಬೆರಳೂ ತಾಗಿಸದೆ ಮೊದಲು ಅಲೆ ನೋಡುತ್ತಾ ನಿಂತೆವು. ಆ ನುಣ್ಣನೆಯ ಪಟ್ಟಿ ಸ್ವಲ್ಪ ಜಾಗ ಬದಲಿಸಿ, ಅಷ್ಟೇ ಚೆಂದವಾಗಿ ಕಾಯುತ್ತಿತ್ತು. ಅದರಿಂದ ದೂರ ನಡೆದು, ನೊರೆಯೇಳುವ ಕಡೆ ಇಳಿದೆವು. ಮೊದಲ ಅಲೆ ಕೆನ್ನೆಗೆ ಬಾರಿಸಿತು. ಜಯ ನಕ್ಕಳು. ನಾನು ಅವಳ ಫ್ಲೋಟಿನ ಮೇಲೆ ಕಣ್ಣಿಟ್ಟುಕೊಂಡೇ ಈಜಿದೆ.

ದಡದಲ್ಲಿ ಪುಟ್ಟರಾಜು ಬನಿಯನ್ನಿನಲ್ಲಿ ನಿಂತಿದ್ದ. "ಈ ಸಲ ಇಡ್ಕಳಕೆ ಅಂಗೀನೇ ಇಲ್ಲ, ನೋಡ್ಕಳಕ್ಕ!" ಎಂದು ಕೂಗಿದ.

ಆ ಶನಿವಾರ ರಾತ್ರಿ ಮನೆಗೆ ಬಂದು ಮಲಗಿದವಳು ಭಾನುವಾರ ಹಾಲಿನವನು ಬಾಗಿಲು ಬಡಿದಾಗಲೇ ಎದ್ದೆ. ದಿಂಬಿನ ಮೇಲೆ ಮರಳಿತ್ತು, ಮುಷ್ಟಿ ಬಿಚ್ಚಿತ್ತು.

ಹೆದರಿಕೊಂಡು ಮನೆಯಲ್ಲೇ ಕೂತಿದ್ದರೆ ಬರುತ್ತಿತ್ತಾ ಈ ನಿದ್ದೆ?